ಇಂಗ್ಲಿಷ್ ಬಾರದ ಉಮ್ಮನೂ ಕಲಿಸಬಹುದು

ಎಸೆಸೆಲ್ಸಿ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಠಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಗೈಡ್ ಬಾಯಿಪಾಠ ಮಾಡಿದ್ರೆ ಅಲ್ಲಿ ಪ್ರಯೋಜನವಿಲ್ಲ. ನಮ್ಮ ಮಕ್ಕಳು ಸರಾಗ ಓದುತ್ತಾರೆ, ‘ಅದ್ರಲ್ಲಿ ಏನಿದೆ?’ ಅಂದ್ರೆ ಸುಮ್ಮನಾಗುತ್ತಾರೆ.

ಪವಿತ್ರ ಕುರ್‌ಆನ್‌ನಲ್ಲಿ ಮೊದಲು ಅವತೀರ್ಣವಾದ ಪದವೇ ‘ಇಕ್ರಅ್’, ಅಂದರೆ ಓದು. ಆ ಸಮುದಾಯದ ಮಕ್ಕಳು ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಹಿಂದುಳಿಯಬಾರದು.

ಟ್ಯೂಷನ್ ಹುಡುಕುವ ಮೊದಲು ನಾವೊಂದು ಕೆಲಸ ಮಾಡೋಣ. ಮಗ್ರಿಬ್ ನಮಾಝ್ ಬಳಿಕ ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ ಮಕ್ಕಳ ಜೊತೆ ಕೂರೋಣ. ಮೊದಲು ಪ್ರಶ್ನೆ, ಆಮೇಲೆ ಗದ್ಯ ಓದಲಿ. ಓದಿದ್ದನ್ನು ಬ್ಯಾರಿಯಲ್ಲೇ ಹೇಳಲಿ. ಯಾರು, ಎಲ್ಲಿ, ಯಾಕೆ ಎಂದು ಉಮ್ಮ ಕೇಳಲಿ. ತಡವರಿಸಿದ ಕಡೆ ಅರ್ಥವಾಗಿಲ್ಲವೆಂದೇ ಲೆಕ್ಕ. ಆ ಸಾಲು ಮತ್ತೆ ಓದಿಸಿ, ಉತ್ತರ ಇಂಗ್ಲಿಷಿನಲ್ಲಿ ಬರೆಸಿ.

‘ನಮಗೆ ಇಂಗ್ಲಿಷ್ ಬರಲ್ಲ’ ಎಂದು ಹಿಂದೆ ಸರಿಯುವುದು ಬೇಡ. ಕೇಳುವುದಕ್ಕೆ ಬ್ಯಾರಿ ಸಾಕು.