ಅನುಮತಿ ಪಡೆದ ಹೊಗೆ

ಬ್ರಿಟನ್ನಿನ ನಗರಗಳಲ್ಲಿ ಇವತ್ತು ಮನೆಯೊಳಗೆ ಸೌದೆ ಉರಿಸುವವರಲ್ಲಿ ಬಹುಪಾಲು ಜನ ಬೇರೆ ದಾರಿಯಿಲ್ಲದೆ ಉರಿಸುವವರಲ್ಲ. ಅವರ ಕೋಣೆಗಳಲ್ಲಿ ರೇಡಿಯೇಟರುಗಳಿವೆ, ಅಡುಗೆಮನೆಯ ಮೂಲೆಯಲ್ಲಿ ಗ್ಯಾಸ್ ಬಾಯ್ಲರ್ ಇದೆ. ಸರ್ಕಾರ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮನೆಯೊಳಗೆ ಸೌದೆ, ಕಲ್ಲಿದ್ದಲು ಉರಿಸುವವರು ನೂರಕ್ಕೆ ಎಂಟು ಮಂದಿ, ಅವರಲ್ಲಿ ಅರ್ಧದ ಹತ್ತಿರದಷ್ಟು ಜನ ಅನುಕೂಲಸ್ಥ ವರ್ಗದವರು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ದೇಶದಲ್ಲಿ ಉರಿಯ ಮುಂದೆ ಕಾಲು ಚಾಚಿ ಕೂರುವ ಸುಖ ದೊಡ್ಡದು, ಅದನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಹೊಗೆ ನಿಯಂತ್ರಣ ಪ್ರದೇಶ ಎಂದು ಘೋಷಿಸಿದ ಬೀದಿಯಲ್ಲಿ, ಕಾನೂನು ಒಪ್ಪಿದ ಒಲೆಯನ್ನೇ ಹುಡುಕಿ ತಂದು ಹಾಕಿಸಿಕೊಂಡರೆ ಮನೆಯವರ ಹೊಣೆ ಅಲ್ಲಿಗೆ ತೀರಿತೇ?

ಇದಕ್ಕೆ ಉತ್ತರ ಸಿಗಬೇಕಾದರೆ ಆ ಕಾನೂನು ಯಾವ ಹೊಗೆಯನ್ನು ಕಂಡು ಹುಟ್ಟಿತು ಎಂದು ನೋಡಬೇಕು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಗಾಳಿಯಾಡದೆ ಮಂಜು ಕವಿದುಕೊಂಡಿತು. ಮನೆಮನೆಯ ಅಗ್ಗಿಷ್ಟಿಕೆಯ, ಕಾರ್ಖಾನೆಗಳ, ವಿದ್ಯುತ್ ಸ್ಥಾವರಗಳ ಕಲ್ಲಿದ್ದಲ ಹೊಗೆ ಅದರಡಿ ಸಿಕ್ಕಿಕೊಂಡಿತು. ಸತ್ತವರು ನಾಲ್ಕು ಸಾವಿರ ಎಂದು ಆಗ ಲೆಕ್ಕ ಹಾಕಿದರು. ಅರ್ಧ ಶತಮಾನ ಕಳೆದ ಮೇಲೆ ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿದ ಸಂಶೋಧಕರು ಸುಮಾರು 12,000 ಇರಬಹುದು ಎಂದರು. ಸರ್ ಹ್ಯೂ ಬೀವರ್ ಸಮಿತಿ ವರದಿ ಕೊಟ್ಟ ಮೇಲೂ ಸರ್ಕಾರ ಮೀನಮೇಷ ಎಣಿಸುತ್ತಿದ್ದಾಗ, ಅದರದೇ ಪಕ್ಷದ ಸಂಸದ ಜೆರಾಲ್ಡ್ ನಬಾರೋ ಖಾಸಗಿ ಮಸೂದೆ ತಂದು ಚುಚ್ಚಿದರು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಅದರ ಪ್ರಕಾರ ಸ್ಥಳೀಯ ಕೌನ್ಸಿಲುಗಳು ಹೊಗೆ ನಿಯಂತ್ರಣ ಪ್ರದೇಶಗಳನ್ನು ಗುರುತಿಸಬಹುದು. ಅಲ್ಲಿ ಒಪ್ಪಿಗೆ ಪಡೆದ ಹೊಗೆರಹಿತ ಇಂಧನವನ್ನು ಮಾತ್ರ ಉರಿಸಬೇಕು, ಇಲ್ಲವೇ ಸರ್ಕಾರ ವಿನಾಯಿತಿ ಕೊಟ್ಟ ಒಲೆಯಲ್ಲಿ ಉರಿಸಬೇಕು. ಸೌದೆ ಆ ಒಪ್ಪಿಗೆಯ ಪಟ್ಟಿಯಲ್ಲಿಲ್ಲ. ಹಾಗಾಗಿ ಲಂಡನ್ನಿನ ಬಹುಭಾಗದಲ್ಲಿ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಒಟ್ಟಿ ಹೊಗೆ ಎಬ್ಬಿಸುವುದು ಇವತ್ತಿಗೂ ತಪ್ಪೇ. ಇಂಗ್ಲೆಂಡಿನಲ್ಲಿ ಈಗ ಅದಕ್ಕೆ 175ರಿಂದ 300 ಪೌಂಡ್ ದಂಡ, ಆದರೆ ಬರುವ ದೂರುಗಳಿಗೆ ಹೋಲಿಸಿದರೆ ದಂಡ ಕಟ್ಟಿದವರು ತೀರಾ ವಿರಳ.

ಈ ಕಾನೂನಿನ ಕಣ್ಣು ನೆಟ್ಟಿರುವುದು ಚಿಮಣಿಯ ತುದಿಯ ಮೇಲೆ. ಕಪ್ಪಗೆ ಏಳುವ ಹೊಗೆಯೇ ಅದರ ಶತ್ರು. ಕಲ್ಲಿದ್ದಲಿನ ಕಾಲಕ್ಕೆ ಅಷ್ಟು ಸಾಕಿತ್ತು. ಇವತ್ತು ವೈದ್ಯರು ಹೆದರುವುದು ಪಿಎಂ 2.5 ಎಂಬ, ಕಣ್ಣಿಗೆ ಕಾಣದ, ಶ್ವಾಸಕೋಶದ ತುದಿಯವರೆಗೂ ಇಳಿಯುವ ಕಣಕ್ಕೆ. ಅದರ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಚಿಮಣಿಯಲ್ಲಿ ಹೊಗೆ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಈ ಕಣ ಹೊರಬೀಳುತ್ತಿಲ್ಲ ಎಂದಲ್ಲ.

ಹಾಗೆಂದು ವಿನಾಯಿತಿ ಪಡೆದ ಒಲೆ ಬರೀ ಕಾಗದದ ಮೇಲಿನ ನಾಟಕವೂ ಅಲ್ಲ. ಒಲೆಯಲ್ಲಿ ಉರಿಯುವುದು ಬಹುಮಟ್ಟಿಗೆ ಮರವಲ್ಲ, ಕಾದ ಮರ ಬಿಟ್ಟ ಅನಿಲ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲಾದರೂ ಹೀಗೆ ಅನಿಲವಾಗಿ ಏಳುತ್ತದೆ, ಕೆಂಡವಾಗಿ ಉಳಿಯುವುದು ಸ್ವಲ್ಪ. ಆ ಅನಿಲಕ್ಕೆ ಸಾಕಷ್ಟು ಕಾವು, ಸಾಕಷ್ಟು ಗಾಳಿ, ಎರಡೂ ಬೆರೆಯಲು ಒಂದಿಷ್ಟು ಹೊತ್ತು ಸಿಕ್ಕರೆ ಪೂರ್ತಿ ಉರಿದುಹೋಗುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಉರಿಯದೆ ಉಳಿದದ್ದು ಹೊಗೆಯಾಗಿ, ಡಾಂಬರಾಗಿ, ಮಸಿಯಾಗಿ ಮೇಲೇರುತ್ತದೆ. ಹೊಸ ಒಲೆಗಳು ಈ ಮೂರನ್ನೂ ನೋಡಿಕೊಳ್ಳುವಂತೆ ಕಟ್ಟಿದವು. ಒಳಗೋಡೆಗೆ ವರ್ಮಿಕ್ಯುಲೈಟ್ ಹಲಗೆ, ಅದರಿಂದ ಕಾವು ಗೂಡಿನಲ್ಲೇ ನಿಲ್ಲುತ್ತದೆ. ಮೇಲೊಂದು ಅಡ್ಡಹಲಗೆ, ಅನಿಲ ನೇರ ಕೊಳವೆಗೆ ನುಗ್ಗದೆ ಸುತ್ತಿಕೊಂಡು ಹೋಗಲಿ ಎಂದು. ಹಿಂಬದಿಯ ಸಣ್ಣ ತೂತುಗಳಿಂದ ಮೊದಲೇ ಕಾದ ಗಾಳಿ ಉರಿಯ ನೆತ್ತಿಗೆ ಬಂದು ತಗುಲುತ್ತದೆ. ಗಾಜಿನ ಬಾಗಿಲಿನ ಮೇಲಿಂದ ಇಳಿಯುವ ಗಾಳಿ ಗಾಜಿಗೆ ಮಸಿ ಹತ್ತದಂತೆ ತಡೆಯುತ್ತದೆ. ಗಾಜು ಕಪ್ಪಾಗುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ ಎಂದೇ ಅರ್ಥ.

ಇಷ್ಟೆಲ್ಲದರ ನಡುವೆ ನನಗೆ ಬಹಳ ಜಾಣತನದ್ದು ಎನಿಸಿದ್ದು ಒಂದು ಚಿಕ್ಕ ತಡೆ. ಹಳೆಯ ಒಲೆಗಳಲ್ಲಿ ಮಲಗುವ ಮುಂಚೆ ದೊಡ್ಡ ಕೊರಡು ತುರುಕಿ ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿ, ಬೆಳಗಿನವರೆಗೂ ಬೆಂಕಿ ಹೊಗೆಯಾಡುತ್ತ ಇರುವಂತೆ ಮಾಡುವ ರೂಢಿಯಿತ್ತು. ಬೀದಿಗೆ ಅತಿ ಹೆಚ್ಚು ಹೊಗೆ ಕಕ್ಕುವುದು ಅದೇ ಉಸಿರುಗಟ್ಟಿದ ಉರಿ. ವಿನಾಯಿತಿ ಬೇಕೆಂದರೆ ಒಲೆ ಜೋರು ಉರಿಯಲ್ಲಿ ಮಾತ್ರವಲ್ಲ, ಸಣ್ಣ ಉರಿಯಲ್ಲೂ ಹೊಗೆಯ ಮಿತಿಯೊಳಗೆ ಇರಬೇಕು. ಆದ್ದರಿಂದ ಎಷ್ಟೋ ತಯಾರಕರು ಅದೇ ಮಾದರಿಗೆ, ಕಿಂಡಿ ಪೂರ್ತಿ ಮುಚ್ಚದಂತೆ ಒಂದು ತಡೆಯನ್ನು ಜೋಡಿಸಿ ಪರೀಕ್ಷೆಗೆ ಒಡ್ಡುತ್ತಾರೆ. ಯಂತ್ರವನ್ನು ತಿದ್ದುವ ನೆಪದಲ್ಲಿ ಮನುಷ್ಯನ ಕೈಯನ್ನೇ ಹಿಡಿದಿಟ್ಟುಕೊಳ್ಳುವ ಉಪಾಯ ಇದು. ಒಲೆ ಆರಿಸುವವರು ಹೊಳಪು, ಬಣ್ಣ, ಕಾಲಿನ ವಿನ್ಯಾಸ ಎಲ್ಲ ನೋಡುವ ಮುಂಚೆ ಈ ವಿನಾಯಿತಿಯ ಮುದ್ರೆಯಿದೆಯೇ ಎಂದು ಬ್ರಿಟನ್ನಿನ ಪರಿಸರ ಇಲಾಖೆ ಡೆಫ್ರಾದ ಪಟ್ಟಿಯಲ್ಲಿ ನೋಡಬೇಕು, ಮಾರುವವರ ಬಾಯಿಮಾತು ಸಾಲದು.

ಇನ್ನೊಂದು ಮುದ್ರೆಯೂ ಇದೆ, ಇಕೋಡಿಸೈನ್. 2022ರ ಜನವರಿ 1ರಿಂದ ಮಾರುವ ಹೊಸ ಒಲೆಗಳಿಗೆಲ್ಲ ಅದು ಕಡ್ಡಾಯ. ಬಾಗಿಲಿರುವ ಸೌದೆ ಒಲೆಯ ಹೊಗೆಯಲ್ಲಿ ಕಣದ ಪ್ರಮಾಣ ಘನ ಮೀಟರಿಗೆ 40 ಮಿಲಿಗ್ರಾಂ ಮೀರಬಾರದು. ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಇಕೋಡಿಸೈನ್ ಇದ್ದ ಮಾತ್ರಕ್ಕೆ ಹೊಗೆ ನಿಯಂತ್ರಣ ಪ್ರದೇಶದಲ್ಲಿ ಸೌದೆ ಹಾಕಲು ಅನುಮತಿ ಸಿಗುವುದಿಲ್ಲ. ಅಲ್ಲಿ ಡೆಫ್ರಾ ವಿನಾಯಿತಿ ಬೇರೆಯಾಗಿ ಬೇಕು. ಎರಡೂ ಇರುವ ಒಲೆಯೇ ಸರಿ. ಆದರೆ ಪ್ರಯೋಗಾಲಯದಲ್ಲಿ ಹದವಾಗಿ ಒಣಗಿಸಿದ, ಅಳೆದು ಕತ್ತರಿಸಿದ ತುಂಡನ್ನು ಕೈ ಪಳಗಿದವರು ಹಾಕುತ್ತಾರೆ. ಮನೆಯಲ್ಲಿ ಟಿವಿ ನೋಡುತ್ತ ಎದ್ದುಹೋಗಿ ತುರುಕುವವರೇ ಬೇರೆ.

ಹಾಗಾದರೆ ಒಪ್ಪಿಗೆ ಪಡೆದ ಒಲೆ ಎಷ್ಟರಮಟ್ಟಿಗೆ ಶುದ್ಧ? ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ 2022ರ ತಮ್ಮ ವಾರ್ಷಿಕ ವರದಿಯನ್ನು ವಾಯುಮಾಲಿನ್ಯಕ್ಕೇ ಮೀಸಲಿಟ್ಟರು. ಅದರ ಪ್ರಕಾರ ಇಕೋಡಿಸೈನ್ ಒಲೆ ಅಷ್ಟೇ ಶಾಖಕ್ಕೆ ಗ್ಯಾಸ್ ಬಾಯ್ಲರಿಗಿಂತ ಸುಮಾರು 450 ಪಟ್ಟು ಹೆಚ್ಚು ಸೂಕ್ಷ್ಮ ಕಣ ಬಿಡುತ್ತದೆ. ಹಳೆಯ ಒಲೆ, ತೆರೆದ ಅಗ್ಗಿಷ್ಟಿಕೆಗಳ ಲೆಕ್ಕ ಸಾವಿರಗಳಲ್ಲಿದೆ. ತೆರೆದ ಬೆಂಕಿಯ ಪಕ್ಕ ನಿಲ್ಲಿಸಿದರೆ ಇದು ಸಾಧುವಿನಂತೆ ಕಾಣುತ್ತದೆ. ಅದೇ ಮನೆಯಲ್ಲಿ ಈಗಾಗಲೇ ಇರುವ ಬಾಯ್ಲರಿನ ಪಕ್ಕ ನಿಲ್ಲಿಸಿದರೆ ಕಾಣುವುದೇ ಬೇರೆ. ಅಂಗಡಿಯವರು ಯಾವ ಹೋಲಿಕೆ ಮುಂದಿಡುತ್ತಾರೆಂದು ಹೇಳಬೇಕಾಗಿಲ್ಲ. ಅಂಕಿಗಳ ಜಗಳವೂ ನಡೆದಿದೆ. ದೇಶದ ಪಿಎಂ 2.5 ಹೊರಸೂಸುವಿಕೆಯಲ್ಲಿ ಮನೆಗಳ ಸೌದೆ, ಕಲ್ಲಿದ್ದಲಿನ ಪಾಲು 38 ಪ್ರತಿಶತ ಎಂದು 2019ರಲ್ಲಿ ಸರ್ಕಾರ ಹೇಳಿತ್ತು. ಹೊಸ ಸಮೀಕ್ಷೆಯ ಮೇಲೆ 2022ರಲ್ಲಿ ಸೌದೆಯ ಪಾಲನ್ನು 17ಕ್ಕೆ ಇಳಿಸಿದಾಗ ಒಲೆ ಉದ್ಯಮದವರು ಹಿಗ್ಗಿದರು. ಆ 17 ಕೂಡ ರಸ್ತೆ ವಾಹನಗಳ ಪಾಲಿಗಿಂತ ಹೆಚ್ಚೇ ಇತ್ತು, ಅದೂ ನೂರಕ್ಕೆ ಎಂಟು ಮಂದಿಯಿಂದ.

ಮನೆಯೊಳಗಿನ ಕಥೆಯೂ ಇದೆ. ಶೆಫೀಲ್ಡಿನ ಸಂಶೋಧಕರು 19 ಮನೆಗಳಲ್ಲಿ, ಇದೇ ವಿನಾಯಿತಿ ಮುದ್ರೆಯ ಒಲೆಗಳ ಎದುರು ಅಳತೆ ಯಂತ್ರ ಇಟ್ಟು ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಲೆ ಹಚ್ಚಿದ ಹೊತ್ತಿನಲ್ಲಿ ಕೋಣೆಯ ಸೂಕ್ಷ್ಮ ಕಣ, ಹಚ್ಚದ ಹೊತ್ತಿಗಿಂತ ಸುಮಾರು ಮೂರು ಪಟ್ಟು ಇತ್ತು. ಏರಿದ್ದು ಮುಖ್ಯವಾಗಿ ಸೌದೆ ಹಾಕಲೆಂದು ಬಾಗಿಲು ತೆರೆದಾಗ. ಪಕ್ಕದಲ್ಲಿ ಆಡುತ್ತಿರುವ ಮಗುವಿನ ಮೂಗು ಚಿಮಣಿಯ ತುದಿಗಿಂತ ಬಾಗಿಲಿಗೇ ಹತ್ತಿರ.

ಇಷ್ಟಾದ ಮೇಲೂ ಒಲೆ ಬೇಕೇ ಬೇಕು ಎನ್ನುವವರಿಗೆ ಹೇಳಬೇಕಾದ ಮೊದಲ ಮಾತು, ಚಿಕ್ಕದನ್ನು ಕೊಳ್ಳಿ. ದೊಡ್ಡ ಒಲೆ ಕೊಂಡು ಸಣ್ಣ ಕೋಣೆಯಲ್ಲಿಟ್ಟರೆ, ಇಬ್ಬರ ಊಟಕ್ಕೆ ಮದುವೆಮನೆಯ ಕೊಪ್ಪರಿಗೆ ಏರಿಸಿದಂತೆ. ಅರ್ಧ ಗಂಟೆಯಲ್ಲಿ ಸೆಕೆ ತಡೆಯಲಾರದೆ ಗಾಳಿಕಿಂಡಿ ಮುಚ್ಚುತ್ತಾರೆ, ಹೊಗೆ ಶುರುವಾಗುತ್ತದೆ. ಶಾಖ ಸೋರದಂತೆ ಕಟ್ಟಿದ ಸಾಧಾರಣ ಕೋಣೆಗೆ ಮೂರು ನಾಲ್ಕು ಕಿಲೋವ್ಯಾಟ್ ಧಾರಾಳ. ಐದು ಕಿಲೋವ್ಯಾಟಿನದೇ ಗಂಟೆಗೆ ಒಂದೂವರೆ ಕಿಲೋದಷ್ಟು ಒಣ ಸೌದೆ ತಿನ್ನುತ್ತದೆ. ಅದಕ್ಕಿಂತ ದೊಡ್ಡದಾದರೆ ಗೋಡೆಯಲ್ಲಿ ಖಾಯಂ ಗಾಳಿಕಿಂಡಿಯನ್ನೂ ಕೊರೆಸಬೇಕು ಎನ್ನುತ್ತದೆ ಕಟ್ಟಡ ನಿಯಮ. ಎರಡನೆಯದು ಸೌದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಉರಿಯ ಶಕ್ತಿಯ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗಿ ಗೂಡು ತಣ್ಣಗಾಗುತ್ತದೆ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ ಎರಡು ಘನ ಮೀಟರಿಗಿಂತ ಕಡಿಮೆ ಸೌದೆ ಮಾರುವವರು ತೇವಾಂಶ 20 ಪ್ರತಿಶತ ಮೀರದ್ದನ್ನೇ ಮಾರಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಆದರೆ ಹೊರಮೈಗೆ ಚುಚ್ಚಿ ನೋಡಿದರೆ ಅದು ಸುಳ್ಳು ಹೇಳುತ್ತದೆ. ಸೌದೆಯನ್ನು ಸೀಳಿ ಒಳಮೈಗೆ ಚುಚ್ಚಬೇಕು. ಚಿಮಣಿಯ ಒಳಗೊಳವೆ, ವರ್ಷಕ್ಕೊಮ್ಮೆ ಮಸಿ ಗುಡಿಸುವುದು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇವನ್ನು ಒಲೆ ಕೂರಿಸುವವರೇ ಹೇಳುತ್ತಾರೆ. ಬಣ್ಣ ಬಳಿದ ಹಲಗೆ, ಹಳೆಯ ಬೇಲಿಯ ಗೂಟ ಹಾಕಬಾರದು ಎಂಬುದನ್ನು ಮಾತ್ರ ಜನ ಕೇಳಿಯೂ ಮರೆಯುತ್ತಾರೆ. ಹುಳು ಹತ್ತದಂತೆ ಹಿಂದೆ ಮರಕ್ಕೆ ಉಣಿಸುತ್ತಿದ್ದ ಔಷಧದಲ್ಲಿ ಆರ್ಸೆನಿಕ್ ಇರುತ್ತಿತ್ತು.

ಒಳ್ಳೆಯ ಒಲೆಯಿಂದ ಊರಿನ ಗಾಳಿ ಸುಧಾರಿಸುವುದೇ ಇಲ್ಲ ಎಂದು ವಾದಿಸಿದರೆ ತಪ್ಪಾಗುತ್ತದೆ. ಅಮೆರಿಕದ ಮೊಂಟಾನಾದ ಲಿಬ್ಬಿ ಎಂಬ ಕಣಿವೆ ಊರಿನಲ್ಲಿ 2005ರಿಂದಾಚೆಗೆ ಸಾವಿರಕ್ಕೂ ಹೆಚ್ಚು ಹಳೆ ಒಲೆ ಕಿತ್ತು ಬಹುತೇಕ ಹೊಸ ಸೌದೆ ಒಲೆಗಳನ್ನೇ ಹಾಕಿದರು. ಚಳಿಗಾಲದ ಪಿಎಂ 2.5 ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಇಳಿಯಿತು. ಟಾಸ್ಮೇನಿಯಾದ ಲಾನ್ಸೆಸ್ಟನ್ 2001ರಿಂದ ಬೇರೆ ದಾರಿ ಹಿಡಿಯಿತು. ಅಲ್ಲಿ ಜನ ಸೌದೆ ಬಿಟ್ಟು ವಿದ್ಯುತ್ತಿಗೆ ಹೋದರು, ಸೌದೆ ಒಲೆಯ ಮನೆಗಳು ನೂರಕ್ಕೆ 66ರಿಂದ 30ಕ್ಕೆ ಇಳಿದವು. ಅಲ್ಲಿ ಅಳೆದದ್ದು ಪಿಎಂ 10, ದಪ್ಪ ಕಣವೂ ಸೇರಿದ ಲೆಕ್ಕ. ಅದು ಚಳಿಗಾಲದಲ್ಲಿ 44ರಿಂದ 27 ಮೈಕ್ರೋಗ್ರಾಮಿಗೆ ಬಂತು. ಎರಡು ಊರಿನ ಅಳತೆ ಒಂದೇ ಅಲ್ಲದ್ದರಿಂದ ತಕ್ಕಡಿಗೆ ಹಾಕಿ ತೂಗಲಾಗದು, ಆದರೂ ದೊಡ್ಡ ಹೆಜ್ಜೆ ಯಾವುದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕನ್ನಡ ಓದುಗರಿಗೆ ಇಲ್ಲೊಂದು ಪರಿಚಿತ ನೆನಪು ಬರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ ಅಸ್ತ್ರ ಕೇಂದ್ರದಿಂದ ಎಂಬತ್ತರ ದಶಕದಲ್ಲಿ ಅಸ್ತ್ರ ಒಲೆ ಬಂತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದ ಸುತ್ತ ಅದು ಬೆಳೆಯಿತು. ಕಡಿಮೆ ಸೌದೆಗೆ ಹೆಚ್ಚು ಕಾವು, ಹೊಗೆ ಕೊಳವೆಯ ಮೂಲಕ ಮನೆಯಾಚೆಗೆ. ದಿನವಿಡೀ ಹೊಗೆ ಕುಡಿಯುತ್ತಿದ್ದ ಹೆಂಗಸಿನ ಕಣ್ಣಿಗೆ, ಎದೆಗೆ ಅದು ನಿಜವಾದ ಬಿಡುಗಡೆ. ಅಡುಗೆಯೇ ನಡೆಯದ ಮನೆ ಇಲ್ಲ, ಹಾಗಾಗಿ ಆ ಬೆಂಕಿಯ ಅಗತ್ಯವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಮನೆಗಳ ನಡುವೆ ಹಿತ್ತಿಲು, ಕಣ, ಹೊಲ ಇರುವಲ್ಲಿ ಕೊಳವೆ ದೊಡ್ಡ ಪರಿಹಾರವೇ. ಒಂದೇ ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಬರ್ಮಿಂಗ್‌ಹ್ಯಾಮ್ ಅಥವಾ ಲೀಡ್ಸಿನ ಮನೆಗಳಲ್ಲಿ ಅದೇ ಕೊಳವೆ ಹೊಗೆಯನ್ನು ಒಯ್ದು ಬಿಡುವುದು ಪಕ್ಕದ ಮನೆಯ ಕಿಟಕಿಗೆ. ಆ ಮನೆಯಲ್ಲಿ ಆಸ್ತಮಾ ಇರುವವರು ಇದ್ದರೆ, ಉರಿಯ ಸುಖ ಒಬ್ಬರಿಗೆ, ಕೆಮ್ಮು ಇನ್ನೊಬ್ಬರಿಗೆ.

ಇದರ ಎದುರು ನಿಲ್ಲುವ ವಾದ ಹಗುರವಾದದ್ದಲ್ಲ. 2021ರ ನವೆಂಬರಿನಲ್ಲಿ ಆರ್ವೆನ್ ಬಿರುಗಾಳಿ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಮನೆಗಳ ವಿದ್ಯುತ್ ಕಡಿಯಿತು, ಕೆಲವು ಕಡೆ ವಾರ ಕಳೆದರೂ ದೀಪ ಬರಲಿಲ್ಲ. ಗ್ಯಾಸ್ ಬಾಯ್ಲರಿಗೂ ವಿದ್ಯುತ್ ಬೇಕು. ಆ ವಾರ ಒಲೆಯಿದ್ದ ಮನೆ ನೆರೆಹೊರೆಗೂ ಆಸರೆಯಾಯಿತು ಎಂದರೆ ನಾನು ನಂಬುತ್ತೇನೆ. ಗ್ಯಾಸ್ ಕೊಳವೆ ಮುಟ್ಟದ ಗುಡ್ಡದ ಮನೆಗೆ ಸೌದೆ ವಿಲಾಸವಲ್ಲ. ಆದರೆ ಈ ವಾದವನ್ನು ಅತಿ ಗಟ್ಟಿಯಾಗಿ ಹೇಳುವವರು ಅಂಥ ಗುಡ್ಡದಲ್ಲಿ ಇರುವುದಿಲ್ಲ. ಬಿರುಗಾಳಿಗೆಂದು ಕೊಂಡ ಒಲೆ ಬಿರುಗಾಳಿಗಾಗಿ ಕಾಯುವುದಿಲ್ಲ, ಶುಕ್ರವಾರ ಸಂಜೆಗೆಲ್ಲ ಉರಿಯುತ್ತದೆ.

ಒಲೆ ಯಾವುದು ಎಂದಷ್ಟೇ ಕೇಳುವ ಕಾನೂನಿಗೆ ಗತಿಯಿಲ್ಲದೆ ಉರಿಸುವವರು, ಸುಖಕ್ಕೆ ಉರಿಸುವವರು ಈ ಇಬ್ಬರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆ ವ್ಯತ್ಯಾಸ ಹಿಡಿಯುವ ನಿಯಮ ಅಸಾಧ್ಯವೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ವಾಯು ಮಂಡಳಿ 2008ರಲ್ಲೇ ಅಂಥದ್ದನ್ನು ತಂದಿತು. ಗಾಳಿ ನಿಂತು ಕಣ ನೆಲದ ಹತ್ತಿರವೇ ಕೂಡಿಕೊಳ್ಳುವ ದಿನಗಳನ್ನು ಮುಂಚಿತವಾಗಿ ಘೋಷಿಸುತ್ತಾರೆ, ಆ ದಿನ ಸೌದೆ ಉರಿಸುವಂತಿಲ್ಲ, ಮುದ್ರೆಯ ಒಲೆಯಾದರೂ ಸರಿ. ಸೌದೆ ಬಿಟ್ಟು ಬೇರೆ ಶಾಖವೇ ಇಲ್ಲದ ಮನೆಗೆ, ಪ್ರಮಾಣಿತ ಒಲೆಯಿದ್ದು ಅದನ್ನು ನೋಂದಾಯಿಸಿದ್ದರೆ, ವಿನಾಯಿತಿ ಸಿಗುತ್ತದೆ. ವಿದ್ಯುತ್ ಹೋದಾಗಲೂ ಉಂಟು. ಮೊದಲ ಸಲ ಸಿಕ್ಕಿಬಿದ್ದವರು ದಂಡ ಕಟ್ಟಬಹುದು, ಇಲ್ಲವೇ ಸೌದೆ ಹೊಗೆಯ ಬಗ್ಗೆ ಪಾಠ ಕಲಿಯಬಹುದು. ಬ್ರಿಟನ್ನಿನ ಕಾಯ್ದೆಯಲ್ಲಿ ಇಂಥ ದಿನದ ಲೆಕ್ಕವಿಲ್ಲ. 1952ರ ಆ ಐದು ದಿನ ಊರನ್ನು ಕೊಂದದ್ದು ಹೊಗೆಯ ಜೊತೆಗೆ ನಿಂತ ಗಾಳಿಯೂ ಹೌದು, ಆದರೆ ಅದರಿಂದ ಹುಟ್ಟಿದ ಕಾನೂನು ಹೊಗೆಯನ್ನು ಮಾತ್ರ ನೆನಪಿಟ್ಟುಕೊಂಡು ಗಾಳಿಯನ್ನು ಮರೆತಿತು. ಇನ್ನೊಂದು ಶಾಖ ಇರುವ ಮನೆ ವರ್ಷದಲ್ಲಿ ಬೆರಳೆಣಿಕೆಯ ಅಂಥ ರಾತ್ರಿಗಳಲ್ಲಿ ಒಲೆ ಹಚ್ಚಬಾರದು ಎಂದು ಕೇಳುವುದರಿಂದ ಒಲೆ ಕೊಂಡವರಿಗೆ ಹೋಗುವುದು ಕೆಲವು ಸಂಜೆಗಳಷ್ಟೆ, ಒಲೆ ಮಾರುವವರಿಗೆ ಅದೂ ಇಲ್ಲ.