ಲಾರಿ ಮೇಲೆ ಕಣ್ಣು, ಚಾಲಕನ ಮೇಲೂ ಇರಲಿ ಕಾಳಜಿ

2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಅದೇ ತಿಂಗಳ ಮಧ್ಯಭಾಗದಲ್ಲಿ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದರು. ಮುಷ್ಕರ ಮುಗಿಯಿತು, ಖರ್ಚಿನ ಚಿಂತೆ ಮುಗಿಯಲಿಲ್ಲ. ತೆರಿಗೆ ಮಾಲೀಕರ ಕೈಯಲ್ಲಿಲ್ಲ. ತಮ್ಮ ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದರ ಮೇಲೆ ಮಾತ್ರ ಅವರು ಒಂದಿಷ್ಟು ಹಿಡಿತ ಸಾಧಿಸಬಹುದು. ಹಾಗಾಗಿಯೇ ಈಗ ಸಾರಿಗೆ ಉದ್ಯಮದಲ್ಲಿ ಎಲ್ಲರ ಬಾಯಲ್ಲೂ ಜಿಪಿಎಸ್, ಟ್ರ್ಯಾಕಿಂಗ್, ಡೇಟಾ ಎಂಬ ಮಾತು.

ಬಿ.ಕಾಂ. ಮುಗಿಸಿದ ನಾನು ಒಂದು ವರ್ಷದಿಂದ ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಕಚೇರಿಯೊಂದರಲ್ಲಿ ಈ ಡೇಟಾ ನೋಡುವ ಕೆಲಸದಲ್ಲಿದ್ದೇನೆ. ಯಾವ ಲಾರಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದೆ, ನಿಂತಲ್ಲೇ ಎಂಜಿನ್ ಎಷ್ಟು ಹೊತ್ತು ಓಡಿತು ಎಂಬುದೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಬರುತ್ತದೆ. ಲಾಭದ ಲೆಕ್ಕವನ್ನು ನೀವೇ ಹಾಕಿ. ಲೀಟರಿಗೆ 4 ಕಿ.ಮೀ. ಕೊಡುವ ಲಾರಿ ತಿಂಗಳಿಗೆ 8,000 ಕಿ.ಮೀ. ಓಡಿದರೆ 2,000 ಲೀಟರ್ ಡೀಸೆಲ್ ಬೇಕು. ಅದರಲ್ಲಿ ಶೇ 5ರಷ್ಟು ಉಳಿಸಿದರೂ 100 ಲೀಟರ್. ಲೀಟರಿಗೆ 90 ರೂಪಾಯಿಯಂತೆ 9,000 ರೂಪಾಯಿ. ಹತ್ತು ಲಾರಿ ಇದ್ದವರಿಗೆ ತಿಂಗಳಿಗೆ 90,000 ರೂಪಾಯಿ.

ಡೀಸೆಲ್ ಒಂದೇ ಅಲ್ಲ. 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲ್ ಲೆಕ್ಕವೂ ಡಿಜಿಟಲ್ ಆಯಿತು. 2018ರ ಏಪ್ರಿಲ್‌ನಲ್ಲಿ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಬಂತು. ಇನ್ಶೂರೆನ್ಸ್, ಎಫ್‌ಸಿ, ಪರ್ಮಿಟ್, ಹೊಗೆ ತಪಾಸಣೆ ಪತ್ರ, ಟಯರ್, ಸರ್ವಿಸ್ ಹೀಗೆ ಒಂದೊಂದಕ್ಕೂ ಒಂದೊಂದು ಫೈಲು ಇಡುತ್ತಿದ್ದ ಕಾಲ ಹೋಗಿ, ಎಲ್ಲವೂ ಒಂದೇ ತಂತ್ರಾಂಶದೊಳಗೆ ಬಂದಿವೆ. ಎಫ್‌ಸಿ ಮುಗಿಯುವ ಮೊದಲೇ ಮೆಸೇಜ್ ಬರುತ್ತದೆ. ಮುಂಬೈಯಲ್ಲಿ ಲೋಡ್ ಇಳಿಸುವ ಗಾಡಿ ಯಾವಾಗ ಖಾಲಿಯಾಗುತ್ತದೆ ಎಂದು ಮೊದಲೇ ಗೊತ್ತಾಗುವುದರಿಂದ ವಾಪಸ್ ಬಾಡಿಗೆ ಹುಡುಕುವುದು ಸುಲಭ. ಇದರಿಂದ ಉದ್ಯಮಕ್ಕೆ ಅನುಕೂಲವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ವ್ಯವಸ್ಥೆ ಏನನ್ನು ನೋಡುತ್ತದೆ, ಏನನ್ನು ಬಿಡುತ್ತದೆ ಎಂಬುದೇ ನನ್ನ ಪ್ರಶ್ನೆ. ಲಾರಿ ದಾರಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಂತರೆ ನಮ್ಮ ಪರದೆಯಲ್ಲಿ ಅಲಾರಾಂ ಬಡಿಯುತ್ತದೆ. ನಾವು ಚಾಲಕರಿಗೆ ಫೋನ್ ಮಾಡಬೇಕು. ಅದೇ ಲಾರಿ ಆರು ಗಂಟೆ ಎಲ್ಲಿಯೂ ನಿಲ್ಲದೆ ಓಡಿದರೆ ಯಾವ ಅಲಾರಾಂ ಕೂಡ ಇಲ್ಲ. ಹಿರಿಯ ಚಾಲಕರೊಬ್ಬರು ಒಮ್ಮೆ ಫೋನಿನಲ್ಲೇ ಹೇಳಿದರು: ‘ತಮ್ಮಾ, ಗಾಡಿ ನಿಂತಿದ್ದು ನಿನಗ ಕಾಣತೈತಿ, ನಾ ಯಾಕ ನಿಂತೀನಿ ಅನ್ನೂದು ಕಾಣಂಗಿಲ್ಲ.’

ಚಾಲಕರ ವಿಶ್ರಾಂತಿ ಯಾರೋ ತೋರುವ ದಯೆ ಅಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಸಾಮಾನ್ಯ ಮಿತಿಯನ್ನು, ಐದು ಗಂಟೆಗಳ ಕೆಲಸದ ಬಳಿಕ ಕನಿಷ್ಠ ಅರ್ಧ ಗಂಟೆ ಬಿಡುವು ಎಂಬ ನಿಯಮವನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅದನ್ನು ಒಳಗೊಂಡು ಬಂದಿರುವ 2020ರ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯ ಮಿತಿ ಇದೆ. ಕೊರತೆ ಇರುವುದು ಕಾನೂನಿನಲ್ಲಲ್ಲ, ಪಾಲನೆಯಲ್ಲಿ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಭಾರಿ ಲಾರಿಗಳಿಗೆ ಟ್ಯಾಕೋಗ್ರಾಫ್ ಎಂಬ ಸಾಧನ ಕಡ್ಡಾಯ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕೊಡಲೇಬೇಕು. ಕೊಟ್ಟಿಲ್ಲವೆಂದರೆ ಆ ಸಾಧನದ ದಾಖಲೆಯೇ ಸಾಕ್ಷಿ. ನಮ್ಮಲ್ಲೂ ಅದಕ್ಕೆ ಬೇಕಾದ ಮಾಹಿತಿ ಜಿಪಿಎಸ್‌ನಲ್ಲಿ ಪ್ರತಿದಿನ ಸಂಗ್ರಹವಾಗುತ್ತಿದೆ. ಅದನ್ನು ಆ ದೃಷ್ಟಿಯಿಂದ ಯಾರೂ ತೆರೆದು ನೋಡುತ್ತಿಲ್ಲ ಅಷ್ಟೆ.

‘ಬೇಗ ತಲುಪಿಸದಿದ್ದರೆ ಬಾಡಿಗೆ ಸಿಗುವುದಿಲ್ಲ, ಎರಡನೇ ಚಾಲಕನಿಗೆ ಸಂಬಳ ಕೊಡುವ ಶಕ್ತಿ ಇಲ್ಲ’ ಎನ್ನುತ್ತಾರೆ ಸಣ್ಣ ಮಾಲೀಕರು. ಅವರ ಕಷ್ಟ ಸುಳ್ಳಲ್ಲ. ಆದರೆ ಇ-ವೇ ಬಿಲ್ ನಿಯಮವನ್ನೇ ನೋಡಿ: ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಹುಬ್ಬಳ್ಳಿಯಿಂದ ಮುಂಬೈಗೆ ಸುಮಾರು 580 ಕಿ.ಮೀ., ಅಂದರೆ ಮೂರು ದಿನ. ಸರ್ಕಾರ ಮೂರು ದಿನ ಕೊಟ್ಟಿರುವಾಗ ‘ನಾಳೆ ಬೆಳಿಗ್ಗೆ ಸರಕು ಅಲ್ಲಿರುತ್ತದೆ’ ಎಂದು ಮಾತು ಕೊಡುವವರು ನಮ್ಮ ಕಚೇರಿಗಳಲ್ಲಿ ಕುಳಿತವರೇ. ಆ ಮಾತಿನ ಭಾರ ಹೊರುವುದು ಮಾತ್ರ ಸ್ಟೇರಿಂಗ್ ಹಿಡಿದವರು.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಎಲ್ಲದಕ್ಕೂ ಚಾಲಕರ ನಿದ್ದೆಗಣ್ಣೇ ಕಾರಣವಲ್ಲ, ನಿಜ. ಆದರೆ ತಡೆಯಬಹುದಾದ ಕಾರಣಗಳಲ್ಲಿ ಅದೂ ಒಂದು. 2025ರ ಅಕ್ಟೋಬರ್‌ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಕೇಂದ್ರ ಸರ್ಕಾರ ಎ.ಸಿ. ಕಡ್ಡಾಯ ಮಾಡಿದ್ದು ಒಳ್ಳೆಯ ಹೆಜ್ಜೆ. ಮುಂದಿನ ಹೆಜ್ಜೆಗೆ ಹೊಸ ಯಂತ್ರವೇ ಬೇಕಿಲ್ಲ. ಈಗಿರುವ ತಂತ್ರಾಂಶದಲ್ಲೇ ನಾಲ್ಕು ಗಂಟೆ ಸತತ ಓಡಿದ ಗಾಡಿಗೊಂದು ಅಲಾರಾಂ ಇಟ್ಟರೆ ಸಾಕು. ಉಳಿದ ಡೀಸೆಲ್‌ನಲ್ಲಿ ಚಾಲಕರಿಗೂ ಒಂದು ಪಾಲು ಕೊಟ್ಟರೆ, ಜಿಪಿಎಸ್ ಎಂದರೆ ಬೇಹುಗಾರಿಕೆ ಎಂಬ ಅವರ ಸಿಟ್ಟೂ ಇಳಿದೀತು.

ಉದ್ಯೋಗ ಹುಡುಕುತ್ತಿರುವ ಗೆಳೆಯ, ಗೆಳತಿಯರಿಗೆ ಒಂದು ಮಾತು. ಈ ಕ್ಷೇತ್ರಕ್ಕೆ ಬರಲು ಎಂಜಿನಿಯರಿಂಗ್ ಪದವಿಯೇ ಬೇಕೆಂದಿಲ್ಲ. ಎಕ್ಸೆಲ್, ಇ-ವೇ ಬಿಲ್, ನಕ್ಷೆ ಓದುವುದು, ತಕ್ಕಮಟ್ಟಿಗೆ ಹಿಂದಿ ಗೊತ್ತಿದ್ದರೆ ಕೆಲಸ ಕಲಿಯಬಹುದು. ಸೇರಿದ ಮೇಲೆ ಒಮ್ಮೆಯಾದರೂ ಲಾರಿಯಲ್ಲಿ ಕುಳಿತು ಒಂದು ರಾತ್ರಿ ಪ್ರಯಾಣ ಮಾಡಿ. ಅಲಾರಾಂ ಯಾವಾಗ ಬಡಿಯಬೇಕೆಂದು ಕಚೇರಿಯಲ್ಲಿ ಚರ್ಚೆ ನಡೆದಾಗ, ಆ ರಾತ್ರಿಯನ್ನು ಕಂಡವರ ಮಾತಿಗೆ ತೂಕ ಇರುತ್ತದೆ.