ಎದೆಗೆ ಇಳಿಯದ ಮದ್ದು

ದಮ್ಮಿನ ಕಾಯಿಲೆಯ ಕುರಿತು ನಮ್ಮ ಮನೆಗಳಲ್ಲಿ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕೇಳಿಸುತ್ತದೆ. ‘ಇನ್‌ಹೇಲರ್ ಕೂಡಾ ಕೊಟ್ಟು ನೋಡಿದೆವು, ಪ್ರಯೋಜನವಾಗಲಿಲ್ಲ.’ ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಹಣ ಕೊಟ್ಟು ಖರೀದಿಸಿದ್ದಾರೆ. ಮನೆಯ ಹಿರಿಯರು ಅದನ್ನು ದಿನಕ್ಕೆ ಎರಡು ಬಾರಿ ಬಾಯಿಗಿಟ್ಟು ಒತ್ತಿದ್ದಾರೆ. ಆದರೂ ರಾತ್ರಿಯ ಉಬ್ಬಸ ನಿಂತಿಲ್ಲ, ಮಳೆಗಾಲ ಬಂದೊಡನೆ ಆಸ್ಪತ್ರೆಗೆ ಸೇರಿಸುವುದೂ ತಪ್ಪಿಲ್ಲ. ಆದ್ದರಿಂದ ಮದ್ದೇ ಸರಿಯಿಲ್ಲವೆಂಬ ತೀರ್ಮಾನಕ್ಕೆ ಮನೆಮಂದಿ ಬಂದಿದ್ದಾರೆ. ಆದರೆ ಒತ್ತಿದ ಮದ್ದು ಹೋದದ್ದೆಲ್ಲಿಗೆ ಎಂಬ ಪ್ರಶ್ನೆಯನ್ನು ಅವರಾಗಲಿ, ಮದ್ದು ಬರೆದ ವೈದ್ಯರಾಗಲಿ ಕೇಳಿಯೇ ಇರುವುದಿಲ್ಲ.

ಹೆಚ್ಚಿನ ಸಂದರ್ಭಗಳಲ್ಲಿ ಅದು ಗಂಟಲಿಗೆ ಬಡಿದು ಹೊಟ್ಟೆಗೆ ಹೋಗಿರುತ್ತದೆ. ಒತ್ತುವ ಇನ್‌ಹೇಲರ್‌ನಿಂದ ಮದ್ದು ರಭಸದಿಂದ ಹೊರಬರುತ್ತದೆ. ಸರಿಯಾಗಿ ಎಳೆದುಕೊಂಡರೂ ಅದರ ಸಣ್ಣ ಪಾಲು ಮಾತ್ರ ಶ್ವಾಸಕೋಶಕ್ಕೆ ಇಳಿಯುತ್ತದೆ. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ತಾಳ ತಪ್ಪಿದರೆ ಆ ಸಣ್ಣ ಪಾಲಿಗೂ ಸಂಚಕಾರ. 1975ರಿಂದ 2014ರವರೆಗೆ ಜಗತ್ತಿನ ನಾನಾ ಕಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವರದಿಯೊಂದು 2016ರಲ್ಲಿ ಪ್ರಕಟವಾಯಿತು. ಐವತ್ತು ಸಾವಿರಕ್ಕೂ ಮಿಕ್ಕಿದ ರೋಗಿಗಳ ಪೈಕಿ ಇನ್‌ಹೇಲರನ್ನು ಸರಿಯಾಗಿ ಬಳಸುತ್ತಿದ್ದವರು ನೂರಕ್ಕೆ 31 ಮಂದಿ ಮಾತ್ರ. ಈ ನಲ್ವತ್ತು ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿಯೂ ಇಲ್ಲವೆಂದು ಆ ವರದಿ ಹೇಳಿತು. ಅಂದಮೇಲೆ ಇದನ್ನು ನಮ್ಮ ಹಳ್ಳಿಯ ಅಜ್ಜಂದಿರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಓದು ಬರಹ ಬಲ್ಲ ಶ್ರೀಮಂತ ರಾಷ್ಟ್ರಗಳ ರೋಗಿಗಳೂ ಎಡವಿದ್ದು ಇಲ್ಲಿಯೇ.

ನಮ್ಮ ದೇಶದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಸಿಒಪಿಡಿ ಎಂದು ವೈದ್ಯರು ಕರೆಯುವ ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಯಿಂದ 2016ರಲ್ಲಿ ಭಾರತದಲ್ಲಿ ಐದೂವರೆ ಕೋಟಿಯಷ್ಟು ಜನ ನರಳುತ್ತಿದ್ದರೆಂದು ಅಂದಾಜಿಸಲಾಗಿತ್ತು. ಆ ವರ್ಷ ಹೃದ್ರೋಗದ ಬಳಿಕ ಅತಿ ಹೆಚ್ಚು ಮಂದಿಯನ್ನು ಬಲಿ ಪಡೆದ ಕಾಯಿಲೆ ಇದೇ. ಬೀಡಿ ಸೇದುವವರಿಗಷ್ಟೇ ಇದು ಬರುತ್ತದೆಂಬ ನಂಬಿಕೆಯೂ ಸರಿಯಲ್ಲ. ಮೈಸೂರು, ನಂಜನಗೂಡು ಸುತ್ತಲಿನ ಹಳ್ಳಿಗಳಲ್ಲಿ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ನಡೆಸಿದ ಅಧ್ಯಯನಗಳು ಸೌದೆ ಒಲೆಯ ಹೊಗೆಯನ್ನೂ ಕಟಕಟೆಯಲ್ಲಿ ನಿಲ್ಲಿಸಿವೆ. ನಲ್ವತ್ತು ವರ್ಷ ಮಡಲು, ಚಿಪ್ಪು, ಹಸಿ ಸೌದೆಯ ಮುಂದೆ ಕುಳಿತು ಊದಿದ ನಮ್ಮ ಉಮ್ಮಂದಿರು ಒಂದು ಬೀಡಿಯನ್ನೂ ಸೇದದೆ ಇದೇ ಕಾಯಿಲೆಯನ್ನು ಎದೆಯಲ್ಲಿ ಹೊತ್ತಿದ್ದಾರೆ. ಗ್ಯಾಸ್ ಒಲೆ ಬಂದಿದೆ ನಿಜ. ಆದರೆ ಒಮ್ಮೆ ಹಾಳಾದ ಶ್ವಾಸಕೋಶ ಮರಳಿ ಮೊದಲಿನಂತಾಗುವುದಿಲ್ಲ. ಇನ್‌ಹೇಲರ್ ಕೂಡಾ ಕಾಯಿಲೆಯನ್ನು ಅಳಿಸಿ ಹಾಕುವುದಿಲ್ಲ. ಉಸಿರನ್ನು ಸರಾಗಗೊಳಿಸುತ್ತದೆ, ಕಾಯಿಲೆ ದಿಢೀರನೆ ಉಲ್ಬಣಿಸಿ ಆಸ್ಪತ್ರೆಗೆ ಓಡುವ ಸಂದರ್ಭಗಳನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಮೆಟ್ಟಿಲು ಹತ್ತಲಾಗದವರಿಗೆ ಆ ‘ಅಷ್ಟೆ’ ಎಷ್ಟು ದೊಡ್ಡದೆಂದು ಹತ್ತುವವರಿಗೆ ತಿಳಿಯದು.

ಮದ್ರಸಾದ ಮೆಟ್ಟಿಲು ಹತ್ತಿದ ಯಾರಿಗೂ ಇಲ್ಲಿ ಒಂದು ಸಂಗತಿ ನೆನಪಾಗದಿರದು. ‘ಐನ್’ ಗಂಟಲಿನ ಯಾವ ಭಾಗದಿಂದ ಹೊರಡಬೇಕು, ‘ಖಾ’ ಎಲ್ಲಿಂದ ಹೊರಡಬೇಕು ಎಂಬುದನ್ನು ಉಸ್ತಾದರು ಪುಸ್ತಕ ಕೊಟ್ಟು ಕಲಿಸಲಿಲ್ಲ. ತಾವು ಓದಿ ತೋರಿಸಿದರು, ನಮ್ಮಿಂದ ಓದಿಸಿದರು, ತಪ್ಪಿದಲ್ಲಿ ನಿಲ್ಲಿಸಿದರು, ವರ್ಷದ ಬಳಿಕ ಮತ್ತೊಮ್ಮೆ ಓದಿಸಿ ಪರೀಕ್ಷಿಸಿದರು. ವುಝೂ ಮಾಡುವುದನ್ನು ಕೂಡಾ ಹೌಝಿನ ಬಳಿ ಕುಳಿತು ನೋಡಿ ಕಲಿತದ್ದೇ ಹೊರತು ಕರಪತ್ರ ಓದಿಯಲ್ಲ. ಬಾಯಿ, ಗಂಟಲು, ಉಸಿರು ಇವು ಮೂರೂ ಒಂದಾಗಬೇಕಾದ ಕೆಲಸವನ್ನು ಕಾಗದ ಕಲಿಸಲಾರದು. ವಿಪರ್ಯಾಸವೆಂದರೆ, ಅದೇ ಬಾಯಿ, ಗಂಟಲು, ಉಸಿರುಗಳನ್ನು ನೆಚ್ಚಿಕೊಂಡ ಮದ್ದನ್ನು ನಾವು ಅರವತ್ತೈದರ ವೃದ್ಧರ ಕೈಗಿತ್ತು ‘ಪೆಟ್ಟಿಗೆಯೊಳಗೆ ಚೀಟಿಯಿದೆ’ ಎನ್ನುತ್ತೇವೆ.

ಹಾಗಾದರೆ ಕ್ರಮವೇನು? ಒತ್ತುವ ಇನ್‌ಹೇಲರಾದರೆ ಮುಚ್ಚಳ ತೆಗೆದು ಚೆನ್ನಾಗಿ ಕುಲುಕಬೇಕು. ಬೆನ್ನು ನೆಟ್ಟಗೆ ಮಾಡಿ ಕುಳಿತು, ಇನ್‌ಹೇಲರನ್ನು ದೂರವಿಟ್ಟು ಉಸಿರನ್ನು ಪೂರ್ತಿ ಹೊರಬಿಡಬೇಕು. ತುಟಿಗಳಿಂದ ಸುತ್ತ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ಆರಂಭಿಸಿದ ಕ್ಷಣದಲ್ಲಿ ಒಂದು ಸಲ ಒತ್ತಬೇಕು. ಎಳೆಯುವುದನ್ನು ಅಲ್ಲಿಗೇ ನಿಲ್ಲಿಸದೆ ನಾಲ್ಕೈದು ಸೆಕೆಂಡು ಮುಂದುವರಿಸಬೇಕು. ನಂತರ ಹತ್ತು ಎಣಿಸುವಷ್ಟು ಹೊತ್ತು, ಅಥವಾ ತಮಗೆ ಸಾಧ್ಯವಾದಷ್ಟು, ಉಸಿರು ಬಿಗಿ ಹಿಡಿಯಬೇಕು. ಎರಡನೆಯ ಬಾರಿ ಬೇಕಿದ್ದರೆ ಅರ್ಧ ನಿಮಿಷವಾದರೂ ತಾಳಿ, ಮತ್ತೆ ಕುಲುಕಿ ಒತ್ತಬೇಕು. ಸ್ಟೀರಾಯ್ಡ್ ಇರುವ ಮದ್ದಾದರೆ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆಯ ಮೇಲೆ ಬಿಳಿ ಬೂಷ್ಟು ಬೆಳೆಯಬಹುದು.

ಪುಡಿಯ ಇನ್‌ಹೇಲರ್‌ನದು ಇದಕ್ಕೆ ತೀರಾ ವಿರುದ್ಧ. ರೋಟಾಹೇಲರ್‌ನಂತಹವುಗಳಲ್ಲಿ ಒತ್ತುವ ಗುಂಡಿಯ ರಭಸವಿಲ್ಲ, ರೋಗಿಯ ಉಸಿರೇ ಪುಡಿಯನ್ನು ಎಳೆಯಬೇಕು. ಆದ್ದರಿಂದ ಇಲ್ಲಿ ನಿಧಾನ ಕೂಡದು, ಬಲವಾಗಿ ಜೋರಾಗಿ ಎಳೆಯಬೇಕು. ಪುಡಿ ಉಳಿದಿದ್ದರೆ ಇನ್ನೊಮ್ಮೆ. ಉಸಿರನ್ನು ಅದರೊಳಗೆ ಊದಿದರೆ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಕ್ಯಾಪ್ಸೂಲನ್ನು ಹೊದಿಕೆಯಿಂದ ಹೊರತೆಗೆದು ಬಿಟ್ಟರೆ ಅದು ಮೆತ್ತಗಾಗಿ ಕೆಲಸಕ್ಕೆ ಬಾರದಾಗುತ್ತದೆ. ಆ ಕ್ಯಾಪ್ಸೂಲನ್ನು ಮಾತ್ರೆಯೆಂದು ತಿಳಿದು ನೀರಿನೊಂದಿಗೆ ನುಂಗುವವರೂ ಇದ್ದಾರೆ. ನಗುವ ವಿಷಯವಲ್ಲ, ಅದು ನುಂಗುವುದಕ್ಕಲ್ಲವೆಂದು ಅವರಿಗೆ ಹೇಳಿದವರಾರು?

ಕಾಯಿಲೆ ಮುಂದುವರಿದವರಿಗೆ ಜೋರಾಗಿ ಎಳೆಯುವ ಶಕ್ತಿಯೇ ಇರುವುದಿಲ್ಲ. ಸಂಧಿವಾತದ ಬೆರಳುಗಳಿಗೆ ಗುಂಡಿ ಒತ್ತುವುದು ಕಷ್ಟ. ಇಂಥವರಿಗೆ ಸಾಧನವನ್ನೇ ಬದಲಿಸಬೇಕಾಗುತ್ತದೆ. ಒತ್ತುವ ಇನ್‌ಹೇಲರ್‌ಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿದರೆ ತಾಳ ತಪ್ಪಿದರೂ ಮದ್ದು ಗಂಟಲಿಗೆ ಬಡಿಯುವುದು ಕಡಿಮೆಯಾಗಿ ಎದೆಗೆ ಹೆಚ್ಚು ಇಳಿಯುತ್ತದೆ. ಕೆಲವು ನೂರು ರೂಪಾಯಿಯ ಈ ವಸ್ತು ಅನೇಕ ಮನೆಗಳಲ್ಲಿ ಕಪಾಟಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ಅದನ್ನು ಸಾಬೂನು ನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ, ತಾನಾಗಿ ಒಣಗಲು ಬಿಡಬೇಕು. ಇನ್ನೊಂದು ಮಾತು. ಮದ್ದು ಮುಗಿದ ಬಳಿಕವೂ ಡಬ್ಬಿಯಿಂದ ಬರಿಯ ಗಾಳಿ ಹೊಮ್ಮುತ್ತಿರುತ್ತದೆ. ನೀರಲ್ಲಿ ತೇಲಿಸಿ ನೋಡುವ ಪರೀಕ್ಷೆ ನಂಬತಕ್ಕದ್ದಲ್ಲ. 200 ಬಾರಿಯ ಡಬ್ಬಿಯನ್ನು ದಿನಕ್ಕೆ 4 ಬಾರಿಯಂತೆ ಬಳಸಿದರೆ 50 ದಿನಕ್ಕೆ ಮುಗಿಯುತ್ತದೆ. ಆರಂಭಿಸಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡುವುದು ಮನೆಯ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ.

ಹೊಣೆಗಾರರಾರೆಂಬ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ. ಹೊರರೋಗಿ ವಿಭಾಗದ ಉದ್ದನೆಯ ಸಾಲಿನ ಮುಂದೆ ವೈದ್ಯರಿಗೆ ಪುರುಸೊತ್ತಿಲ್ಲವೆಂಬುದು ಅರ್ಥವಾಗುವ ಮಾತು. ಆದರೆ ಔಷಧಿ ಅಂಗಡಿಯವರ ಮೌನಕ್ಕೆ ಆ ನೆಪವೂ ಇಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಔಷಧಿಯ ಬಳಕೆಯ ಕುರಿತು ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಪರಿಗಣಿಸಿದೆ. ನಮ್ಮ ಊರುಗಳ ಅಂಗಡಿಗಳಲ್ಲಿ ಎಷ್ಟು ಮಂದಿ ಡಬ್ಬಿ ತೆರೆದು ತೋರಿಸಿದ್ದಾರೆ? ನಮ್ಮ ಸಂಘ ಸಂಸ್ಥೆಗಳೂ ಕನ್ನಡಿ ನೋಡಿಕೊಳ್ಳಲಿ. ಜಮಾಅತ್‌ಗಳ ಆಶ್ರಯದಲ್ಲಿ ವರ್ಷಕ್ಕೆಷ್ಟು ಆರೋಗ್ಯ ಶಿಬಿರಗಳು ನಡೆಯುತ್ತವೆ! ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ‘ನಿಮ್ಮ ಇನ್‌ಹೇಲರನ್ನು ತನ್ನಿ, ನಮ್ಮ ಮುಂದೆ ಎಳೆದು ತೋರಿಸಿ’ ಎಂದು ಒಂದು ಮೇಜು ಹಾಕಿದ ಶಿಬಿರವನ್ನು ನಾನಂತೂ ಕಂಡಿಲ್ಲ. ಅದಕ್ಕೆ ಯಂತ್ರ ಬೇಡ, ತರಬೇತಾದ ಒಬ್ಬ ನರ್ಸ್ ಸಾಕು.

ಇನ್‌ಹೇಲರ್ ಚಟವಾಗುತ್ತದೆ, ಅದು ಕೊನೆಗಾಲದ ಮದ್ದು ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಮಾತ್ರೆ, ಚುಚ್ಚುಮದ್ದಿಗಿಂತ ಬಹಳ ಕಡಿಮೆ ಪ್ರಮಾಣದ ಮದ್ದು ನೇರ ಎದೆಗೆ ಹೋಗುವುದರಿಂದ ದೇಹದ ಉಳಿದ ಭಾಗಕ್ಕೆ ಅದರ ತೊಂದರೆ ಕಡಿಮೆ.

ಇನ್ನು ರಮಝಾನ್. ಇನ್‌ಹೇಲರ್‌ನಿಂದ ಉಪವಾಸ ಮುರಿಯುತ್ತದೆಯೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ನಾಡಿನ ಶಾಫಿಈ ಮತ್ತು ಹನಫೀ ಉಲಮಾಗಳಲ್ಲಿ ಹೆಚ್ಚಿನವರು ಮುರಿಯುತ್ತದೆ ಎಂದರೆ, ಸೌದಿಯ ಶೈಖ್ ಇಬ್ನ್ ಬಾಝ್‌ರಂಥವರು ಮುರಿಯುವುದಿಲ್ಲ ಎಂದಿದ್ದಾರೆ. ತಾವು ಅನುಸರಿಸುವ ಉಲಮಾಗಳಲ್ಲಿ ಕೇಳಿಕೊಳ್ಳುವುದು ಓದುಗರಿಗೆ ಬಿಟ್ಟದ್ದು. ಆದರೆ ರೋಗಿಗೆ ಉಪವಾಸವನ್ನು ಬಿಡಲು ಕುರ್‌ಆನ್ ಸ್ವತಃ ರಿಯಾಯಿತಿ ನೀಡಿರುವ ವಿಷಯದಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ. ದಿನಕ್ಕೆ ಒಂದು ಅಥವಾ ಎರಡು ಬಾರಿ ತೆಗೆದುಕೊಳ್ಳುವ ದೀರ್ಘ ಪರಿಣಾಮದ ಮದ್ದುಗಳನ್ನು ಸಹರಿ ಮತ್ತು ಇಫ್ತಾರಿನ ಸಮಯಕ್ಕೆ ಹೊಂದಿಸಬಹುದು. ಅದಕ್ಕಾಗಿ ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಾಣಬೇಕು, ಹೋಗುವಾಗ ಇನ್‌ಹೇಲರನ್ನು ಒಯ್ದು ಅವರ ಮುಂದೆಯೇ ಎಳೆದು ತೋರಿಸಬೇಕು. ಉಪವಾಸವಿದ್ದು ಮಧ್ಯಾಹ್ನದ ಹೊತ್ತಿಗೆ ಉಸಿರು ಕಟ್ಟಿ, ಮಾತು ಪೂರ್ತಿಯಾಗದೆ ತುಟಿ ನೀಲಿಯಾದರೆ, ತಕ್ಷಣದ ಮದ್ದನ್ನು ಎಳೆದು ಆಸ್ಪತ್ರೆಗೆ ಹೋಗಬೇಕು. ಮಗ್ರಿಬ್ ಬಾಂಗಿಗೆ ಇನ್ನೆಷ್ಟು ಹೊತ್ತಿದೆ ಎಂದು ಆಗ ಗಡಿಯಾರ ನೋಡತಕ್ಕದ್ದಲ್ಲ.